ನನ್ನ ಪರವಾಗಿ ಒಪ್ಪಿದ್ದು ಯಾರು?

ವೇದಿಕೆಯ ಮೇಲಿರುವ ಹಿರಿಯರೇ, ನಮ್ಮ ದಾದಿಯರ ಸಂಘದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಭಾವ, ಅವರ ಪಕ್ಕದಲ್ಲಿರುವ ಅಕ್ಕನ ಮಗಳೇ — ಎಲ್ಲರಿಗೂ ನಮಸ್ಕಾರ. ಡ್ಯೂಟಿ ಮುಗಿಸಿ ಮನೆಗೂ ಹೋಗದೆ ನೇರವಾಗಿ ಬಂದವರು ಇಲ್ಲಿ ಬಹಳ ಜನ ಇದ್ದೀರಿ. ನಾನೂ ಹೆರಿಗೆ ವಾರ್ಡಿನಿಂದ ಹಾಗೇ ಬಂದವಳು. ದಣಿದಿದ್ದೇನೆ. ಮಾತು ಅಲ್ಲಲ್ಲಿ ತಡವರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಯಾರನ್ನು ನೆನೆಯಲು ಇವತ್ತು ಸೇರಿದ್ದೇವೋ ಆ ಅಕ್ಕನನ್ನು ನಾವೆಲ್ಲ ಕರೆದದ್ದು ಜೋರಕ್ಕ ಎಂದೇ. ಆಪರೇಷನ್ ಥಿಯೇಟರಿನಲ್ಲಿ ಮಾಸ್ಕಿನ ಹಿಂದಿನಿಂದ ಮಾತಾಡಿ ಮಾತಾಡಿ ಅವರ ಧ್ವನಿ ಹಾಗೇ ಏರಿ ನಿಂತುಬಿಟ್ಟಿತ್ತು. ಗುಟ್ಟು ಹೇಳಿದರೂ ಕಾರಿಡಾರಿನ ಕೊನೆಗೆ ಕೇಳುತ್ತಿತ್ತು. ಭಾವ ನಗುತ್ತಿದ್ದಾರೆ — ನಗಿ ಭಾವ, ಪರವಾಗಿಲ್ಲ. ಭಾವನವರದು ಗಡಿಯಾರ ರಿಪೇರಿ ಅಂಗಡಿ. ಒಮ್ಮೆ ಅಕ್ಕನನ್ನು ಕೇಳದೆ ಮನೆಗೆ ಹೊಸ ಬೀರು ತಂದರಂತೆ. ಅಕ್ಕ ಬಾಗಿಲಿಗೆ ಅಡ್ಡ ನಿಂತರಂತೆ. "ಇದನ್ನ ಯಾರು ತೀರ್ಮಾನ ಮಾಡಿದ್ದು? ಯಾವಾಗ ಮಾಡಿದ್ದು? ಆಗ ನಾನೆಲ್ಲಿದ್ದೆ?" ಹೊತ್ತು ತಂದವರು ಬೀರುವನ್ನು ಬೀದಿಯಲ್ಲೇ ಇಳಿಸಿ, ಗಂಡಹೆಂಡಿರ ಸಭೆ ಮುಗಿಯುವ ತನಕ ಅದಕ್ಕೇ ಒರಗಿ ಕೂತರಂತೆ!

ಅದೇ ಪ್ರಶ್ನೆಯನ್ನು ಅಕ್ಕ ಸಂಘದಲ್ಲೂ ಕೇಳಿದರು. ಅಲ್ಲಿ ಯಾರೂ ನಗಲಿಲ್ಲ.

ಹಳಬರಿಗೆ ನೆನಪಿದೆ. ಹೊಸಬರಿಗಾಗಿ ಹೇಳುತ್ತೇನೆ. ಒಂದು ದಿನ ಬಂದು ನೋಡಿದರೆ ನೋಟಿಸ್ ಬೋರ್ಡಿನಲ್ಲಿ ಹೊಸ ಪಾಳಿ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ನಡುವೆ ಮನೆಗೆ ಹೋಗಿ ಬರಬೇಕು. ದೂರದಿಂದ ಬರುವವರು ನಡುವಿನ ಹೊತ್ತನ್ನು ಬಸ್ಸಿನಲ್ಲೇ ಕಳೆಯಬೇಕು. ಕೆಳಗೊಂದು ಸಾಲು — "ಸಂಘದ ಸದಸ್ಯರ ಒಪ್ಪಿಗೆಯ ಮೇರೆಗೆ." ಯಾವ ಸದಸ್ಯರು? ನಮ್ಮ ಸಮಿತಿಯವರು ಆಡಳಿತದವರ ಜೊತೆ ಬಾಗಿಲು ಮುಚ್ಚಿಕೊಂಡು ಕೂತು, ಸಹಿ ಹಾಕಿ ಎದ್ದು ಬಂದಿದ್ದರು.

ಆ ವರ್ಷದ ಸರ್ವಸದಸ್ಯರ ಸಭೆ ಲಾಂಡ್ರಿಯ ಮೇಲಿನ ಹಾಲಿನಲ್ಲಿ ನಡೆಯಿತು. ಕೆಳಗಿನಿಂದ ಹಬೆ, ಸೋಪಿನ ವಾಸನೆ. ಅಂದಿನ ಅಧ್ಯಕ್ಷರು ವರದಿ ಮುಗಿಸಿದರು. ಅಕ್ಕ ಕೈ ಎತ್ತಿದರು.

"ಸಾರ್, ನನ್ನ ಪರವಾಗಿ ಒಪ್ಪಿದ್ದು ಯಾರು?"

"ಅಕ್ಕಾ, ಎಲ್ಲ ನಿಮ್ಮ ಒಳ್ಳೇದಕ್ಕೇ ಮಾಡಿರೋದು. ಊಟ ಆರಿಹೋಗ್ತಿದೆ, ಆಮೇಲೆ ಮಾತಾಡೋಣ."

"ಒಳ್ಳೇದೋ ಕೆಟ್ಟದ್ದೋ ಆಮೇಲೆ ನೋಡೋಣ. ನನ್ನ ಕೇಳಿದ್ದು ಯಾವಾಗ, ಅದನ್ನ ಹೇಳಿ ಮೊದ್ಲು."

ಮೈಕ್ ಆಫ್ ಮಾಡಿದರು. ಜೋರಕ್ಕನಿಗೆ ಮೈಕ್ ಯಾಕೆ? ಅದಿಲ್ಲದೆಯೇ ಮತ್ತೆ ಕೇಳಿದರು. ಅಧ್ಯಕ್ಷರು ಊಟಕ್ಕೆ ಎದ್ದು ಹೋದರು. ಸ್ವಲ್ಪ ದಿನದಲ್ಲಿ ಅವರ ಸದಸ್ಯತ್ವವನ್ನೇ ರದ್ದು ಮಾಡಿದರು — ಸಂಘದ ಗೌರವಕ್ಕೆ ಕುಂದು ತಂದರಂತೆ. ಕರೆದು ವಿಚಾರಿಸಲಿಲ್ಲ, ಒಂದು ಮಾತು ಕೇಳಲಿಲ್ಲ.

ಅಕ್ಕ ಜಗಳ ಮಾಡಲಿಲ್ಲ. ಮುಂದಿನ ಸಭೆಗೆ ಬಂದರು. ಸದಸ್ಯರಲ್ಲದವರಿಗೆ ಪ್ರವೇಶವಿಲ್ಲ ಎಂದು ಸಮಿತಿಯವರು ತಡೆದರು. ಸರಿ ಎಂದು ಅಕ್ಕ ಹಾಲಿನ ಹೊರಗೆ ಮೆಟ್ಟಿಲ ಮೇಲೆ ಕೂತರು. ಅದರ ಮುಂದಿನ ಸಭೆಗೂ ಬಂದರು, ಕೂತರು. ಒಳಗೆ ಹೋಗುವವರೆಲ್ಲ ಅವರನ್ನು ದಾಟಿಕೊಂಡೇ ಹೋಗಬೇಕು. "ಏನಕ್ಕಾ, ಇಲ್ಲೇ?" "ಹೂಂ ಕಣೇ, ಇಲ್ಲೇ. ಒಳಗೇನಾಯ್ತು ಅಂತ ಬಂದು ಹೇಳು." ಮೊದಲು ನಾವು ಒಂದಿಬ್ಬರು ಪಕ್ಕದಲ್ಲಿ ಕೂತೆವು. ಆಮೇಲೆ ಥಿಯೇಟರಿನವರು ಬಂದರು, ಮಕ್ಕಳ ವಾರ್ಡಿನವರು ಬಂದರು. ಕೊನೆಗೊಂದು ಸಭೆಯಲ್ಲಿ ಒಳಗಿದ್ದವರಿಗಿಂತ ಮೆಟ್ಟಿಲ ಮೇಲಿದ್ದವರೇ ಹೆಚ್ಚಾದೆವು. ಅಧ್ಯಕ್ಷರೇ ಹೊರಗೆ ಬಂದರು. "ಕೋರಂ ಆಗ್ತಿಲ್ಲ, ದಯವಿಟ್ಟು ಬನ್ನಿ." ಅಕ್ಕನನ್ನೂ ಕರೆಯಿರಿ, ಬರುತ್ತೇವೆ ಎಂದೆವು. ಕರೆದರು. ಅವತ್ತೇ ಅಕ್ಕನ ಸದಸ್ಯತ್ವ ಮರಳಿತು, ನಿಯಮವೂ ಆಯಿತು — ಯಾವ ಒಪ್ಪಂದವಾದರೂ ಮೊದಲು ಸಭೆಯಲ್ಲಿ ಓದಬೇಕು, ಆಮೇಲೆ ಸಹಿ. ಅರ್ಧರ್ಧ ಪಾಳಿಯೂ ತಡವಾಗಿಯಾದರೂ ರದ್ದಾಯಿತು. ಅಷ್ಟರಲ್ಲಿ ಕೆಲವರು ಕೆಲಸ ಬಿಟ್ಟೇ ಹೋಗಿದ್ದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನನಗೂ ಹೇಳುವುದು ಸುಲಭವಾಗಿತ್ತು.

ಆಮೇಲಿನ ಚುನಾವಣೆಯಲ್ಲಿ ನಮ್ಮವರೇ ಗೆದ್ದರು. ಈಗಿನ ಅಧ್ಯಕ್ಷೆ ಮೆಟ್ಟಿಲ ಮೇಲೆ ಅಕ್ಕನ ಭುಜಕ್ಕೆ ಭುಜ ತಾಗಿಸಿ ಕೂತವರು, ಅಕ್ಕನ ಕೈಕೆಳಗೇ ಕೆಲಸ ಕಲಿತವರು. ಇಲ್ಲೇ ಇದ್ದಾರೆ. "ಇದನ್ನೂ ಹೇಳಿಬಿಡು" ಎಂದು ಅವರೇ ನನಗೆ ಹೇಳಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ದಾದಿಯರ ವಾರ್ಡ್ ಬದಲಾವಣೆ ಬಗ್ಗೆ ಆಡಳಿತದವರ ಜೊತೆ ಹೊಸ ಒಪ್ಪಂದವಾಯಿತು. ಒಳ್ಳೆಯ ಒಪ್ಪಂದವೇ. ಅಕ್ಕನೂ ಒಳ್ಳೆಯದೆಂದೇ ಅಂದರು. ಆದರೆ ಸಭೆಯಲ್ಲಿ ಓದಿರಲಿಲ್ಲ. ಅಕ್ಕ ಕೈ ಎತ್ತಿದರು.

"ಅಕ್ಕಾ, ನಾವು ನಿಮ್ಮೋರೇ ಅಲ್ವಾ? ನಮ್ಮ ಮೇಲೂ ಅನುಮಾನಾನಾ?" ಎಂದರು ಅಧ್ಯಕ್ಷೆ.

"ಅನುಮಾನ ಅಲ್ಲ ಕಣೇ. ಓದಿದ್ರಾ, ಇಲ್ವಾ?"

ಸಭೆಯಲ್ಲಿ ಗೊಣಗಾಟ. "ಶುರುವಾಯ್ತಪ್ಪ ಇವರದು" ಎಂದು ಯಾರೋ ಹಿಂದಿನಿಂದ ಅಂದರು. ಹಳೇ ಸಮಿತಿಯವರಲ್ಲ — ನಮ್ಮವರೇ. ಅಧ್ಯಕ್ಷೆ ಮುಂದಿನ ವಿಷಯಕ್ಕೆ ಹೋದರು. ಅವತ್ತು ಬಸ್ ಸ್ಟಾಪಿಗೆ ನಡೆಯುವಾಗ ಅಕ್ಕ ಮೊದಲ ಸಲ ಮೆಲ್ಲಗೆ ಮಾತಾಡಿದ್ದನ್ನು ಕೇಳಿದೆ.

"ಸಾಕಾಗಿದೆ ಕಣೇ. ಆಗ ಬಾಗ್ಲು ಹಾಕಿದ್ರು, ಹೊರಗಡೆ ಜೊತೇಲಿ ಜನ ಇದ್ರು. ಈಗ ಬಾಗ್ಲು ತೆಗೆದೇ ಇದೆ. ಒಳಗೆ ನಾನೊಬ್ಳೇ."

ಆಮೇಲೆ ಕಾಯಿಲೆ ಬಂತು. ನಮ್ಮ ಆಸ್ಪತ್ರೆಯಲ್ಲೇ, ಕಿಟಕಿ ಪಕ್ಕದ ಹಾಸಿಗೆ. ಒಂದು ಮಧ್ಯಾಹ್ನ ನಾನು ಅಕ್ಕನ ತಲೆ ಬಾಚುತ್ತಿದ್ದೆ, ಅಧ್ಯಕ್ಷೆ ಬಂದರು. ಬಾಗಿಲಲ್ಲೇ ನಿಂತರು. ಅವರಿಬ್ಬರೂ ಮಾತು ಬಿಟ್ಟು ಬಹಳ ಕಾಲವಾಗಿತ್ತು.

"ಬಾ, ಕೂತ್ಕೋ" ಎಂದರು ಅಕ್ಕ. ಅವರು ಕೂತ ಮೇಲೆ ಕೇಳಿದರು, "ಅದನ್ನ ಓದಿದ್ರಾ ಸಭೇಲಿ?"

ಅಧ್ಯಕ್ಷೆ ನನ್ನನ್ನು ನೋಡಿದರು, ನೆಲ ನೋಡಿದರು. "ಇಲ್ಲ ಅಕ್ಕ. ಓದ್ಲಿಲ್ಲ. ಓದಿದ್ರೆ ಯಾರಾದ್ರೂ ತಕರಾರು ಮಾಡ್ತಾರೆ ಅಂತ ಹೆದರಿ ಓದ್ಲಿಲ್ಲ."

ಅಕ್ಕ ಅವರ ಕೈ ಹಿಡಿದುಕೊಂಡರು. "ಇಷ್ಟು ವರ್ಷದಲ್ಲಿ ನೆಟ್ಟಗೆ ಉತ್ತರ ಕೊಟ್ಟೋಳು ನೀನೊಬ್ಳೇ ಕಣೇ" ಎಂದರು. ಆಮೇಲೆ ಇಬ್ಬರೂ ಅತ್ತರು. ನಾನು ಬಾಚಣಿಗೆ ಹಿಡಿದುಕೊಂಡು ನಿಂತಿದ್ದೆ.

ಅದಾಗಿ ಸ್ವಲ್ಪ ದಿನಕ್ಕೇ ಅಕ್ಕ ಹೋದರು.

ಬರುವ ಸಭೆಯಲ್ಲಿ ಆ ಒಪ್ಪಂದವನ್ನು ಓದುತ್ತೇನೆ ಎಂದು ಅಧ್ಯಕ್ಷೆ ಹೇಳಿದ್ದಾರೆ. ಓದುತ್ತಾರೆ ಎಂದು ನಂಬಿದ್ದೇನೆ. ಓದುವಾಗ ಕೇಳಿಸಿಕೊಳ್ಳಲು ನಾವು ಅಲ್ಲಿರಬೇಕಲ್ಲ — ನನಗೆ ಭಯ ಇರುವುದು ಅಲ್ಲಿ. ನಮಗೆಲ್ಲ ಆಯಾಸ. ನನಗೂ ಆಯಾಸ. ಆದರೂ ನಾನು ಬರುತ್ತೇನೆ. ನೀವೂ ಬನ್ನಿ.

ಇನ್ನು ಹೆಚ್ಚು ಮಾತಾಡಲಾರೆ. ಮಂಡಿ ನೋವಿರುವವರು ಕೂತೇ ಇರಿ, ತಪ್ಪಿಲ್ಲ. ಉಳಿದವರು ದಯವಿಟ್ಟು ಏಳಿ. ಅಕ್ಕನನ್ನು ನೆನೆದು ಸ್ವಲ್ಪ ಹೊತ್ತು, ಏನೂ ಮಾತಾಡದೆ, ಒಟ್ಟಿಗೆ ಇರೋಣ.