ಯಜಮಾನರು ಇನ್ನೂ ಉಂಡಿಲ್ಲ

ನಾಳೆ ಬೆಳಿಗ್ಗೆಯಿಂದ ನಮ್ಮ ಮಠದಲ್ಲಿ ಅಹಿಂಸೆಯ ಶಿಬಿರ ಶುರುವಾಗುತ್ತದೆ. ಶಾಂತಿ, ಸಾಮಾಜಿಕ ನ್ಯಾಯ ಅಂತ ಬಾಗಿಲಿಗೆ ದೊಡ್ಡ ಬೋರ್ಡು ಕಟ್ಟಿಸಿದ್ದೀರಿ. ಬಹಳ ಮಂದಿ ಹೆಸರು ಕೊಟ್ಟಿದ್ದೀರಿ, ಸಂತೋಷ. ಆದರೆ ನಿನ್ನೆ ಒಬ್ಬರು ನನ್ನ ಹತ್ತಿರ ಬಂದು, ಅಜ್ಜಾರ, ನಾನು ಇಷ್ಟು ವರ್ಷದಲ್ಲಿ ಯಾರ ಮೈಗೂ ಕೈ ಹಚ್ಚಿದವನಲ್ಲ, ನನಗ್ಯಾಕೆ ಈ ಶಿಬಿರ ಅಂದರು. ಆಗ ಸುಮ್ಮನೆ ನಕ್ಕು ಕಳಿಸಿದೆ. ಉತ್ತರ ಇವತ್ತು ಕೊಡುತ್ತೇನೆ. ಅವರು ಎಲ್ಲಿ ಕೂತಿದ್ದಾರೆ ಅಂತ ನಾನು ನೋಡುವುದಿಲ್ಲ. ನೀವೂ ಕುತ್ತಿಗೆ ತಿರುಗಿಸಿ ಹುಡುಕಬೇಡಿ.

ಒಬ್ಬ ಶ್ರೀಮಂತನ ಕಥೆ ಇದು. ಯಾವ ಊರು, ಏನು ಹೆಸರು ಅಂತ ಕೇಳಬೇಡಿ. ಹೆಸರು ಹೇಳಿದರೆ ನೀವು, ಓ ಅವನಾ, ಅವನು ಹಾಗೇ ಅಂದುಕೊಂಡು ಆರಾಮಾಗಿ ಮನೆಗೆ ಹೋಗುತ್ತೀರಿ. ಅವನಿಗೆ ಒಂದು ಶೇಂಗಾ ಮಿಲ್ಲು ಇತ್ತು. ದೊಡ್ಡ ಮನೆ, ಮನೆ ತುಂಬ ಮಂದಿ. ಕೊಡುಗೈ ಮನುಷ್ಯ, ಶಾಲೆಗೆ ಅಂದರೂ ಕೊಡುತ್ತಿದ್ದ, ಮಠಕ್ಕೆ ಅಂದರೂ ಕೊಡುತ್ತಿದ್ದ. ಎಲ್ಲ ಚೆನ್ನಾಗಿತ್ತು, ಸಿಟ್ಟೊಂದು ಬಿಟ್ಟು. ಸಿಟ್ಟು ಬಂದರೆ ಊಟದ ತಟ್ಟೆ ಹಾರುತ್ತಿತ್ತು. ಆ ಮನೆಯಲ್ಲಿ ಸೊಟ್ಟ ಆಗದ ತಟ್ಟೆಯೇ ಇರಲಿಲ್ಲ ಅಂತ ಊರವರು ಆಡಿಕೊಳ್ಳುತ್ತಿದ್ದರು. ತಟ್ಟೆ ಕೈಗೆ ಸಿಗದಿದ್ದರೆ ಕೈಯೇ ಹೋಗುತ್ತಿತ್ತು, ಹೆಂಡತಿಯ ಮೇಲೆ. ನಗಬೇಡಿ. ನಗುವವರ ಮನೆಯ ತಟ್ಟೆಗಳನ್ನೂ ಒಂದು ದಿನ ಬಂದು ನೋಡುತ್ತೇನೆ.

ಆ ಊರಿನ ಶಾಲೆಯಲ್ಲಿ ಒಂದು ಅಹಿಂಸೆಯ ಶಿಬಿರ ನಡೆಯಿತು, ನಮ್ಮದರ ಹಾಗೇ. ನಡೆಸಿದವರು ನಿವೃತ್ತ ಶಿಕ್ಷಕಿ, ಊರವರೆಲ್ಲ ಅಕ್ಕೋರು ಅಂತ ಕರೆಯುವವರು. ಶ್ರೀಮಂತ ಪೆಂಡಾಲ್ ಹಾಕಿಸಿಕೊಟ್ಟಿದ್ದ, ಹಾಗಾಗಿ ಮುಂದಿನ ಕುರ್ಚಿಯಲ್ಲಿ ಕೂರಲೇಬೇಕಾಯಿತು. ಉದ್ಘಾಟನೆ ಮುಗಿಸಿ ಹೊರಟುಬಿಡೋಣ ಅಂತಿದ್ದ. ಅಷ್ಟರಲ್ಲಿ ಅಕ್ಕೋರು ಎಲ್ಲರಿಗೂ ಕಣ್ಣು ಮುಚ್ಚಿಸಿದರು. ನೀವು ಕೊನೆಯ ಸಲ ಯಾರನ್ನು ಹೊಡೆದಿರಿ, ನೆನಪು ಮಾಡಿಕೊಳ್ಳಿ, ಬಾಯಿ ಬಿಟ್ಟು ಹೇಳುವುದು ಬೇಡ ಅಂದರು. ನೀವು ಹೊಡೆಯುವಾಗ ಏಟು ತಿಂದವರ ಕೈಯಲ್ಲಿ ಏನಿತ್ತು, ಅದೊಂದನ್ನು ನೆನಪು ಮಾಡಿಕೊಳ್ಳಿ ಅಂದರು.

ನೋಡಿ, ಎಂಥ ಪ್ರಶ್ನೆ! ಯಾಕೆ ಹೊಡೆದಿರಿ ಅಂತ ಕೇಳಿದ್ದರೆ ಅವನ ಹತ್ತಿರ ಕಾರಣಗಳು ಸಾಲಾಗಿ ನಿಂತಿದ್ದವು. ಕೈಯಲ್ಲಿ ಏನಿತ್ತು ಅಂದ ಕೂಡಲೇ ಅವನಿಗೆ ಕಂಡದ್ದು ಮಜ್ಜಿಗೆಯ ಬಟ್ಟಲು. ಏಟು ಬಿದ್ದರೂ ಹೆಂಡತಿ ಆ ಬಟ್ಟಲನ್ನು ಚೆಲ್ಲಿರಲಿಲ್ಲ. ಚೆಲ್ಲಿದರೆ ಅದಕ್ಕೂ ಏಟು ಬೀಳುತ್ತದೆ ಅಂತ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಅವನ ಕಣ್ಣಲ್ಲಿ ನೀರು ಬಂತು. ಎಲ್ಲರ ಎದುರು ಎದ್ದು ನಿಂತು, ಇನ್ನು ಮುಂದೆ ಕೈ ಎತ್ತುವುದಿಲ್ಲ, ದನಿ ಎತ್ತುವುದಿಲ್ಲ ಅಂತ ಮಾತು ಕೊಟ್ಟ. ಕೊಟ್ಟ ಮಾತು ಉಳಿಸಿಕೊಂಡ ಕೂಡ. ಇದನ್ನು ಒಪ್ಪಲೇಬೇಕು, ಅವನು ನಾಟಕದ ಮನುಷ್ಯ ಅಲ್ಲ. ತಟ್ಟೆ ಹಾರುವುದು ನಿಂತಿತು. ಮನೆಯ ಹೆಂಗಸರು ಮೊದಮೊದಲು ನಂಬಲಿಲ್ಲ, ಆಮೇಲೆ ನಿಧಾನಕ್ಕೆ ನಗುವುದನ್ನು ಕಲಿತರು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ನಾನೂ ಮಂಗಳ ಹೇಳಿ ಎದ್ದುಬಿಡುತ್ತಿದ್ದೆ. ಮುಗಿಯಲಿಲ್ಲ.

ಸೊಸೆ ಬಾಣಂತನ ಮುಗಿಸಿ ತವರಿನಿಂದ ಕೂಸನ್ನು ಎತ್ತಿಕೊಂಡು ಬಂದಳು. ಮೊದಲ ಮೊಮ್ಮಗಳು. ಊರಿಗೆಲ್ಲ ಹೋಳಿಗೆ ಊಟ ಹಾಕಿಸುತ್ತೇನೆ ಅಂದ ಶ್ರೀಮಂತ. ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುವ ಹೆಂಗಸರು ಇದ್ದರಲ್ಲ, ಅವರೆಲ್ಲ ಸೇರಿ ತಮ್ಮ ಹಳೆಯ ಸೀರೆಗಳ ತುಂಡು ಕೂಡಿಸಿ ಕೂಸಿಗೆ ಒಂದು ಪುಟ್ಟ ಕೌದಿ ಹೊಲಿದು ತಂದುಕೊಟ್ಟರು. ಸೊಸೆ ಅದನ್ನೇ ತೊಟ್ಟಿಲಿಗೆ ಹಾಸಿದಳು. ಕೂಸು ಅದರ ಮೇಲೆ ಹಾಯಾಗಿ ಮಲಗಿತು. ಕೂಸಿಗೆ ಯಾವ ಜಾತಿಯ ಸೀರೆ ಅಂತ ಗೊತ್ತಾಗುತ್ತದೆಯೇ? ಮೆತ್ತಗಿದ್ದರೆ ಸಾಕು ಅದಕ್ಕೆ.

ಊಟದ ಮಾತು ಬಂತು. ಆ ಮನೆಯ ಪದ್ಧತಿ ಏನು? ನೆಂಟರಿಗೆ ಪಡಸಾಲೆಯಲ್ಲಿ ಪಂಕ್ತಿ, ಮಿಲ್ಲಿನ ಹೆಂಗಸರಿಗೆ ಹಿತ್ತಲಲ್ಲಿ, ಕೊನೆಗೆ. ಸೊಸೆ ಮಾವನ ಎದುರು ತಲೆ ಎತ್ತಿ ಮಾತಾಡಿದವಳಲ್ಲ. ಅವತ್ತು ಬಾಗಿಲ ಹಿಂದೆ ನಿಂತು ಮಾತಾಡಿದಳು. "ಮಾವಾರ, ಅವರ ಸೀರಿ ನನ್ನ ಕೂಸಿನ ಮೈಗೆ ಹತ್ತಬೌದು, ಅವರು ನಮ್ಮ ಪಡಸಾಲ್ಯಾಗ ಕೂಡಬಾರದೇನ್ರಿ?"

ಶ್ರೀಮಂತನಿಗೆ ಹಳೆಯ ಸಿಟ್ಟು ಬಂತು. ಕೈ ಎತ್ತಲಿಲ್ಲ. ದನಿ ಎತ್ತಲಿಲ್ಲ. ಬಹಳ ಮೆಲ್ಲಗೆ, "ನನಗ ಊಟ ಬ್ಯಾಡ. ಆಕಿ ತನ್ನ ಮಾತು ಹಿಂದಕ್ಕ ತಗೊಳ್ಳೂಮಟ ನಾನು ಉಪವಾಸ," ಅಂದ. ಹೋಗಿ ಪಡಸಾಲೆಯ ಜೋಕಾಲಿಯಲ್ಲಿ ಕೂತ. ತಾನೂ ಸತ್ಯಾಗ್ರಹ ಮಾಡುತ್ತಿದ್ದೇನೆ ಅಂತ ಒಳಗೊಳಗೇ ಹೆಮ್ಮೆ. ಚಹಾ ನಡೆಯುತ್ತಿತ್ತು ಅನ್ನಿ, ನಿಂಬೆ ಪಾನಕವೂ ನಡೆಯುತ್ತಿತ್ತು. ಊಟ ಮಾತ್ರ ಇಲ್ಲ.

ಈಗ ತಾಯಂದಿರನ್ನು ಕೇಳುತ್ತೇನೆ, ನೀವೇ ಹೇಳಿ. ಯಜಮಾನ ಉಣ್ಣದಿದ್ದರೆ ಆ ಮನೆಯಲ್ಲಿ ಯಾರು ಉಣ್ಣುತ್ತಾರೆ? ಹೇಳಿ, ನಾಚಿಕೆ ಬೇಡ. ಹಾಂ, ಯಾರೂ ಇಲ್ಲ. ಹೆಂಡತಿ ಉಣ್ಣಲಿಲ್ಲ. ಅವನ ಮುದಿ ಅತ್ತಿಗೆ ಉಣ್ಣಲಿಲ್ಲ. ಸೊಸೆಯಂತೂ ಉಣ್ಣುವುದುಂಟೇ? ಅವಳಿಂದಲೇ ತಾನೇ ಇಷ್ಟೆಲ್ಲ ಆದದ್ದು! ಯಾಕೆ ಉಣ್ಣಲಿಲ್ಲ ಅಂತ ಕೇಳಿದರೆ ಒಂದೇ ಉತ್ತರ, ಯಜಮಾನರು ಇನ್ನೂ ಉಂಡಿಲ್ಲ. ಮಗ ಇದ್ದನಲ್ಲ ಅಂತೀರಿ. ಇದ್ದ, ಮಿಲ್ಲಿಗೆ ಹೋಗಿದ್ದ. ಮನೆಯಲ್ಲಿ ಗದ್ದಲ ಆದಾಗಲೆಲ್ಲ ಗಂಡುಮಕ್ಕಳಿಗೆ ಹೊರಗೆ ಕೆಲಸ ಬಹಳ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಕೂಸು ಅಳಲು ಶುರು ಮಾಡಿತು. ಎದೆ ಹಚ್ಚಿದರೆ ಒಂದು ಗಳಿಗೆ ಚೀಪುವುದು, ಬಿಟ್ಟು ಮತ್ತೆ ಅಳುವುದು. ತಾಯಿಯ ಹೊಟ್ಟೆ ಖಾಲಿ, ಕೂಸಿಗೆ ಹಾಲು ಎಲ್ಲಿಂದ ಬರಬೇಕು? ಅತ್ತೆ ಮರೆಯಲ್ಲಿ ಒಂದು ಲೋಟ ಹಾಲು, ಒಂದು ಚೂರು ಬೆಲ್ಲ ಕೊಟ್ಟಿದ್ದಳು. ಕದ್ದು ಉಣ್ಣುವುದು ಸೊಸೆಗೆ ಬೇಡವಾಯಿತು, ಲೋಟವನ್ನು ಹಾಗೇ ಪಕ್ಕಕ್ಕಿಟ್ಟಳು. ತಾನು ಮಾತು ಹಿಂದಕ್ಕೆ ತೆಗೆದುಕೊಂಡರೆ ಕೂಸಿಗೆ ಹಾಲು. ತೆಗೆದುಕೊಳ್ಳದಿದ್ದರೆ ಕೂಸಿನ ಅಳು. ಕೂಸು ಗೆಲ್ಲುತ್ತದೆ, ಇನ್ನೇನು ಗೆಲ್ಲುತ್ತದೆ? ತಪ್ಪಾಯ್ತು ಮಾವಾರ ಅನ್ನುವುದಕ್ಕೆ ಅವಳು ಸೆರಗು ಸರಿ ಮಾಡಿಕೊಂಡು ಎದ್ದು ನಿಂತಳು.

ಅದೇ ಹೊತ್ತಿಗೆ ಅಕ್ಕೋರು ಬಂದರು. ಶ್ರೀಮಂತನೇ ಹೇಳಿಕಳಿಸಿದ್ದ. ನೀವು ಕಲಿಸಿದ ದಾರಿಯಲ್ಲೇ ಇದ್ದೇನೆ, ಬಂದು ನಮ್ಮ ಸೊಸೆಗೆ ನಾಲ್ಕು ಬುದ್ಧಿಮಾತು ಹೇಳಿ ಅಂತ. ಬಂದವರು ಅವನನ್ನು ಹೊಗಳಲಿಲ್ಲ. ಕೂಸಿನ ಅಳು ಅವರ ಕಿವಿಗೆ ಬಿತ್ತು. ಮನೆಯಲ್ಲಿ ಯಾರು ಯಾರು ಉಂಡಿದ್ದಾರೆ ಅಂತ ಕೇಳಿದರು. ನಾನು ಯಾರಿಗೂ ಉಣಬೇಡಿ ಅಂದಿಲ್ಲವಲ್ಲ ಅಂದ ಅವನು. ಅದು ಸುಳ್ಳಲ್ಲ, ನೋಡಿ. ಅವನು ಅಂದಿರಲಿಲ್ಲ. ಅವನು ಅನ್ನುವ ಅವಶ್ಯಕತೆಯೇ ಇರಲಿಲ್ಲ.

ಆಗ ಒಳಗಿನಿಂದ ಅವನ ಹೆಂಡತಿ ಹೊರಗೆ ಬಂದಳು. ಮದುವೆಯಾಗಿ ಬಂದಾಗಿನಿಂದ ಗಂಡನ ಎದುರು ನಿಂತು ಹೀಗೆ ಮಾತಾಡಿದವಳಲ್ಲ. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಮೊದಲ ಒಂದು ಏಟು ಬೀಳತಿತ್ತು. ಅಷ್ಟಕ್ಕ ಮುಗೀತಿತ್ತು. ಒಂದು ತಾಸು ಅತ್ತು, ಮಾರಿ ತೊಳಕೊಂಡು, ಎಲ್ಲಾರೂ ಉಣತಿದ್ವಿ. ಈಗ ನೀವು ಹೊಡಿಯಂಗಿಲ್ಲ, ಬೈಯಂಗಿಲ್ಲ, ಮನಿ ಮಂದಿ ಎಲ್ಲಾ ಹಸದು ಕುಂತೈತಿ, ಕೂಸು ಸೈತ. ನನಗ ಆ ಏಟ ಚಲೋ ಇತ್ತು ಅನಸಾಕ ಹತ್ತೈತ್ರಿ."

ಶ್ರೀಮಂತನ ಜೋಕಾಲಿ ನಿಂತಿತು.

ಅವಳು ಉತ್ತರಕ್ಕೆ ಕಾಯಲಿಲ್ಲ. ಒಳಗೆ ಹೋಗಿ ತಟ್ಟೆಗಳನ್ನು ತಂದಳು. ಅದೇ ಪಡಸಾಲೆಯಲ್ಲಿ, ಅವನ ಎದುರಿಗೇ, ಸೊಸೆಯ ಕೈ ಹಿಡಿದು ಕೂರಿಸಿದಳು. ಮುದಿ ಅತ್ತಿಗೆಯನ್ನು ಕೂರಿಸಿದಳು. ರೊಟ್ಟಿ, ಪಲ್ಯ, ಅನ್ನ, ಸಾರು ಬಡಿಸಿ ತಾನೂ ಕೂತು, ಯಜಮಾನನಿಗಿಂತ ಮೊದಲು ತುತ್ತು ಬಾಯಿಗಿಟ್ಟಳು. ಆ ಮನೆ ಕಟ್ಟಿದಾಗಿನಿಂದ ಆಗದಿದ್ದ ಕೆಲಸ ಅದು. ಅಕ್ಕೋರು ಕೂಡ, ನನಗೂ ಹಸಿವಾಗಿದೆ ಅಂತ ಒಂದು ತಟ್ಟೆ ಎಳೆದುಕೊಂಡರು. ಸೊಸೆ ತುತ್ತು ಕೈಯಲ್ಲಿ ಹಿಡಿದು ಮಾವನ ಕಡೆ ನೋಡಿದಳು. ಅತ್ತೆ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು, ಅವಳು ಉಂಡಳು.

ಆಮೇಲೆ ಏನಾಯಿತು ಗೊತ್ತೇ? ಮೂರು ದಿನ, ಏಳು ದಿನ ಬೇಕಾದರೂ ಕೂರುತ್ತೇನೆ ಅಂತಿದ್ದವನ ಉಪವಾಸ, ಮನೆಯವರು ಕೈ ತೊಳೆದು ಏಳುವಷ್ಟರಲ್ಲಿ ಮುಗಿದುಹೋಯಿತು. ಅವನೇ ಎದ್ದು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ನನಗೂ ಸ್ವಲ್ಪ ಹಾಕ್ರಿ ಅಂದ. ಯಾಕೆ ಮುಗಿಯಿತು? ಅವನ ಉಪವಾಸಕ್ಕೆ ಬಲ ಕೊಟ್ಟದ್ದು ಅವನ ಹಸಿವಲ್ಲ, ಮಿಕ್ಕವರ ಹಸಿವು. ಅವರು ಉಂಡ ಮೇಲೆ ಅಲ್ಲಿ ಉಳಿದದ್ದು ಏನು? ಹೊಟ್ಟೆ ಹಸಿದ ಒಬ್ಬ ಮುದುಕ, ಅಷ್ಟೇ.

ಹೋಳಿಗೆ ಊಟದ ದಿನ ಮಿಲ್ಲಿನ ಹೆಂಗಸರು ಪಡಸಾಲೆಯಲ್ಲಿ ಕೂತರು. ಶ್ರೀಮಂತ ಅವರಿಗೆ ತನ್ನ ಕೈಯಾರೆ ಬಡಿಸಿದ ಅಂತ ಹೇಳಿದರೆ ನಿಮಗೆ ಕಥೆ ರುಚಿಯಾಗುತ್ತದೆ. ಬಡಿಸಲಿಲ್ಲ. ಅದೇ ಪಂಕ್ತಿಯ ತುದಿಯಲ್ಲಿ ಮುಖ ಬಿಗಿದುಕೊಂಡು ಕೂತ, ಒಂದೇ ಹೋಳಿಗೆ ತಿಂದ. ಎದ್ದು ಹೋಗಲಿಲ್ಲ. ಅವತ್ತಿಗೆ ಅವನ ಕೈಲಾದದ್ದು ಅಷ್ಟು, ನಾನು ಅದನ್ನು ಸಣ್ಣದು ಅನ್ನುವುದಿಲ್ಲ.

ಈಗ ನಮ್ಮ ಮನೆಗಳಿಗೆ ಬನ್ನಿ. ಹಾಗಾದರೆ ಉಪವಾಸ ಕೂರುವುದೇ ತಪ್ಪಾ ಅಂತ ನಾಳೆ ಶಿಬಿರದಲ್ಲಿ ಯಾರಾದರೂ ಕೇಳುತ್ತೀರಿ. ತಪ್ಪಲ್ಲ. ಏನೂ ಇಲ್ಲದವನು ಎಲ್ಲ ಇರುವವನ ಬಾಗಿಲಲ್ಲಿ ಹಸಿದು ಕೂತರೆ, ಅವನು ತನ್ನ ಮೈಯನ್ನೇ ಪಣಕ್ಕಿಟ್ಟು ನ್ಯಾಯ ಕೇಳುತ್ತಿದ್ದಾನೆ. ಉಗ್ರಾಣದ ಬೀಗದ ಕೈ ಸೊಂಟದಲ್ಲಿ ಸಿಕ್ಕಿಸಿಕೊಂಡವನು ಮನೆಯ ಸೊಸೆಯ ಮೇಲೆ ಹಸಿದು ಕೂತರೆ ಪಣಕ್ಕಿಟ್ಟದ್ದು ಯಾರ ಮೈ? ಕೂಸಿನದು. ಎರಡಕ್ಕೂ ಒಂದೇ ಹೆಸರು ಇಡಬೇಡಿ.

ನಿಮ್ಮಲ್ಲಿ ಎಷ್ಟು ಜನ ತಟ್ಟೆ ದೂಡಿ ಎದ್ದಿದ್ದೀರಿ? ಎಷ್ಟು ಜನ ಹೆಂಡತಿಯ ಜೊತೆ ವಾರಗಟ್ಟಲೆ ಮಾತು ಬಿಟ್ಟು, ನಾನು ಜಗಳ ಆಡುವವನೇ ಅಲ್ಲ ಅಂತ ಓಡಾಡಿದ್ದೀರಿ? ತಾಯಂದಿರೇ, ನೀವೂ ನಗಬೇಡಿ. ಮಗ ತಮ್ಮ ಮಾತು ಕೇಳಲಿಲ್ಲ ಅಂತ ಮಾತ್ರೆ ನುಂಗುವುದಿಲ್ಲ ಅಂತ ಹಟ ಹಿಡಿದ ಅತ್ತೆಯರು ಇಲ್ಲಿ ಇಲ್ಲವೇ? ಕೈ ಎತ್ತುವುದೊಂದೇ ಹಿಂಸೆ ಅಂತ ತಿಳಿದಿದ್ದೇವೆ, ಅದಕ್ಕೇ ಕೈ ಕಟ್ಟಿಕೊಂಡು ಕೂತವರೆಲ್ಲ ಸಾಧುಗಳ ಹಾಗೆ ಕಾಣುತ್ತೇವೆ.

ಇವತ್ತಿನಿಂದ ಒಂದು ಕೆಲಸ ಮಾಡಿ. ಸಿಟ್ಟು ಬಂದಾಗ ನನಗೆ ಬೇಡ ಅನ್ನುವ ಮೊದಲು, ನಾನು ಬೇಡ ಅಂದರೆ ಇಲ್ಲಿ ಇನ್ಯಾರಿಗೆ ಊಟ ತಪ್ಪುತ್ತದೆ ಅಂತ ಒಮ್ಮೆ ಸುತ್ತ ನೋಡಿ. ಸಿಟ್ಟು ಬಂದಿದೆ ಅಂತ ಬಾಯಿ ಬಿಟ್ಟು ಹೇಳಿ, ಹೇಳಿ ಊಟಕ್ಕೆ ಕೂತುಕೊಳ್ಳಿ. ಮನೆಯಲ್ಲಿ ಹಸಿದವರು ಮೊದಲು ಉಣ್ಣಲಿ, ಯಜಮಾನರ ದಾರಿ ಕಾಯುವ ಪದ್ಧತಿ ಸಾಕು. ಮತ್ತೆ, ನಾನು ಅಹಿಂಸಾವಾದಿ ಅಂತ ನೀವೇ ನನ್ನ ಹತ್ತಿರ ಬಂದು ಹೇಳಬೇಡಿ. ಆ ಮಾತನ್ನು ನಿಮ್ಮ ಮನೆಯವರು ಬಂದು ಹೇಳಲಿ, ನಿಮ್ಮಲ್ಲಿ ಕೂಲಿ ಮಾಡುವವರು ಬಂದು ಹೇಳಲಿ.

ಶಿಬಿರ ನಾಳೆ ಅಂತ ಬೋರ್ಡಿನಲ್ಲಿ ಬರೆದಿದೆ. ನಾನು ಇವತ್ತೇ ಶುರು ಮಾಡುತ್ತೇನೆ. ಒಳಗೆ ದಾಸೋಹದ ಮನೆಯಲ್ಲಿ ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತ ತಾಯಂದಿರಿದ್ದಾರೆ. ಪಾತ್ರೆ ತಿಕ್ಕುವವರಿದ್ದಾರೆ, ಅಂಗಳ ಗುಡಿಸಿದವರಿದ್ದಾರೆ. ಅವರಲ್ಲಿ ಒಬ್ಬರೂ ಇನ್ನೂ ಉಂಡಿಲ್ಲ. ಕೇಳಿ ನೋಡಿ, ಅಜ್ಜಾರು ಇನ್ನೂ ಉಂಡಿಲ್ಲ ಅನ್ನುತ್ತಾರೆ. ಇವತ್ತಿನ ಮೊದಲ ಪಂಕ್ತಿ ಅವರದು. ನನಗೆ ಹಾಕಿದ ಎಲೆಯನ್ನು ಎತ್ತಿ ಅವರಲ್ಲೊಬ್ಬರಿಗೆ ಹಾಕಿ, ನಾನು ಆಮೇಲೆ ಉಣ್ಣುತ್ತೇನೆ. ಮುಂದೆ ಕೂತಿರುವ ಹಿರಿಯರೇ, ನೀವು ನಾಲ್ಕು ಜನ ಎದ್ದು ಬಡಿಸಲು ಹೋಗಿ. ನಾವು ಉಳಿದವರು ಇಲ್ಲೇ ಕೂತು ಕಾಯೋಣ. ಸ್ವಲ್ಪ ಹಸಿವಾಗುತ್ತದೆ. ಆಗಲಿ.