ತಿರುಗಿಸಿಟ್ಟ ದೊಡ್ಡಮ್ಮ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಬಂದರು ಅಧಿಕಾರಿಗಳೇ, ಕುರ್ಚಿ ಸಿಕ್ಕಿ ಕೂತಿರುವ ಮತ್ತು ಸಿಗದೆ ಗೋಡೆಗೆ ಒರಗಿರುವ ಸಭಿಕರೇ,

ಸನ್ಮಾನದ ಫಲಕ ಮೇಜಿನ ಮೇಲಿದೆ. ಸದ್ಯಕ್ಕೆ ಅಲ್ಲೇ ಇರಲಿ. ಮೊದಲು ನನ್ನ ಮಾತು ಕೇಳಿ, ಆಮೇಲೆ ಕೊಡುವುದೋ ಬಿಡುವುದೋ ನೀವೇ ತೀರ್ಮಾನಿಸಿ.

ನನ್ನ ಕೆಲಸವೇನು? ತಿಮಿಂಗಿಲಗಳ ಫೋಟೊ ಹೊಂದಿಸುವುದು. ನಮ್ಮ ಕೊಲ್ಲಿಗೆ ಬರುವ ಈ ಬಳಗದಲ್ಲಿ ಉಳಿದಿರುವವರು ಐವತ್ತಕ್ಕೂ ಕಡಿಮೆ. ದೋಣಿಯವರು ಬೆನ್ನಿನ ಫೋಟೊ ತರುತ್ತಾರೆ. ಮಚ್ಚೆ, ಗೀರು ನೋಡಿ ಇವಳು ಇಂಥವಳು ಎಂದು ನಾನು ಹೇಳುತ್ತೇನೆ. ಎಡಮೈಯ ಮಚ್ಚೆ ಬೇರೆ, ಬಲಮೈಯದು ಬೇರೆ. ಆದ್ದರಿಂದ ಎಡಕ್ಕೊಂದು ಕಡತ, ಬಲಕ್ಕೊಂದು ಕಡತ. ಮೂರು ವರ್ಷ ಕಾಣದವರು ಮೃತರು, ಮೂರು ವರ್ಷ ಕಂಡ ಅಪರಿಚಿತರು ಹೊಸಬರು. ನಿಯಮ ಇಷ್ಟೇ.

ಬೆನ್ನು ನೋಡಿ ಗುರುತು ಹಿಡಿಯುವುದರಲ್ಲಿ ನಾನು ನಿಸ್ಸೀಮ. ಮದುವೆಯಾದ ಹೊಸದರಲ್ಲಿ ನನ್ನವಳೆಂದುಕೊಂಡು ಇನ್ಯಾರದೋ ಹಿಂದೆ ತರಕಾರಿ ಚೀಲ ಹೊತ್ತು ಎರಡು ಬೀದಿ ನಡೆದಿದ್ದೇನೆ. ನನ್ನವಳು ಮೂರನೇ ಸಾಲಿನಲ್ಲಿದ್ದಾಳೆ, ನಗುತ್ತಿದ್ದಾಳೆ ನೋಡಿ.

ಕಳೆದ ವರ್ಷ ಒಂದೇ ದಿನ, ಒಂದೇ ಪೆನ್ನಿನಲ್ಲಿ, ಬಳಗದ ಹಿರಿಯಳಾದ ದೊಡ್ಡಮ್ಮನನ್ನು ಮೃತರ ಪಟ್ಟಿಗೆ ಕಳಿಸಿಕೊಟ್ಟೆ, ಹೊಸ ಸೊಸೆ ಎಂಬವಳನ್ನು ಬರಮಾಡಿಕೊಂಡೆ. ದೊಡ್ಡಮ್ಮನಿಗೆ ವಾರ್ಷಿಕ ವರದಿಯಲ್ಲಿ ಪದ್ಯವನ್ನೂ ಬರೆದೆ:

ಅಲೆಯಲಿ ಬಂದೆ, ಅಲೆಯಲೆ ಹೋದೆ,
ನೆಲೆಯನು ಹೇಳದೆ ಎಲ್ಲಿಗೆ ಹೋದೆ?

ಹಡಗು ಬಡಿದೇ ಸತ್ತಳೆಂದು ಊರೆಲ್ಲ ಮಾತಾಯಿತು. ಈ ಅಧಿಕಾರಿಗಳು ಕೊಲ್ಲಿಯಲ್ಲಿ ಹಡಗುಗಳ ವೇಗವನ್ನು ಅರ್ಧಕ್ಕೆ ಇಳಿಸಿದರು. ನನಗೆ, ಹೊಸ ಸೊಸೆಯನ್ನು ಕಂಡುಹಿಡಿದವನೆಂದು, ಇವತ್ತಿನ ಸನ್ಮಾನ.

ಮೊನ್ನೆ ಸೋಮವಾರ ಹೆಂಡತಿ ನನ್ನ ಕಚೇರಿಗೆ ಊಟದ ಡಬ್ಬಿ ಕೊಡಲು ಬಂದಳು. ಅವಳದು ಕೂದಲು ಕತ್ತರಿಸುವ ಅಂಗಡಿ. ಇಪ್ಪತ್ತು ವರ್ಷದಿಂದ ಗಿರಾಕಿಗಳ ಮುಖವನ್ನು ಕನ್ನಡಿಯಲ್ಲೇ ನೋಡುವವಳು. ಗೋಡೆಯ ಮೇಲಿನ ದೊಡ್ಡಮ್ಮ, ಹೊಸ ಸೊಸೆ ಇಬ್ಬರ ಫೋಟೊ ನೋಡಿದಳು.

"ರೀ, ಇವರಿಬ್ಬರೂ ಒಬ್ಬಳೇ ಅಲ್ವಾ?"

"ನಿನಗೇನೇ ಗೊತ್ತು? ದೊಡ್ಡಮ್ಮನದು ಎಡಮೈ, ಇದು ಬಲಮೈ."

ಅವಳು ಚೀಲದಿಂದ ಕೈಗನ್ನಡಿ ತೆಗೆದು ದೊಡ್ಡಮ್ಮನ ಮುಂದೆ ಹಿಡಿದಳು. ಕನ್ನಡಿಯೊಳಗೆ ಹೊಸ ಸೊಸೆ! ಅದೇ ಬಾಚಣಿಗೆ ಎಳೆದಂಥ ಗೀರು, ಅದೇ ಏಳು ಮಚ್ಚೆ.

ಹಳೆಯ ಪೆಟ್ಟಿಗೆ ತೆರೆದೆ. ನಾಲ್ಕು ವರ್ಷದ ಹಿಂದೆ ಫಿಲ್ಮುಗಳನ್ನು ಕಂಪ್ಯೂಟರಿಗೆ ಹಾಕುವಾಗ ಅವಳದನ್ನು ನಾನೇ ಹಿಂದುಮುಂದಾಗಿ ತಿರುಗಿಸಿ ಇಟ್ಟಿದ್ದೆ. ಬಲಮೈ ಎಡಮೈಯಂತೆ ಕಂಡು ಎಡದ ಕಡತಕ್ಕೆ ಹೋಗಿ ಕೂತಿತ್ತು. ಪಾಪ, ಪ್ರತಿ ವರ್ಷ ತಪ್ಪದೆ ಬಂದವಳನ್ನು ನಾನೇ ಯಾರಮ್ಮ ನೀನು ಎಂದು ಕೇಳುತ್ತಿದ್ದೆ.

"ಬದುಕಿರೋರ ಮೇಲೆ ಪದ್ಯ ಕಟ್ಟಿದ್ರಲ್ಲ, ನಿಮ್ಮ ಪ್ರಾಸಕ್ಕಿಷ್ಟು ಬೆಂಕಿ ಹಾಕ!" ಎಂದಳು.

ನಾನು ನಗಲಿಲ್ಲ. ನಾಲ್ಕು ದಿನ ಬಾಯಿಗೆ ಬೀಗ ಹಾಕಿಕೊಂಡೆ. ಫಲಕದ ಆಸೆಗೆ? ಸ್ವಲ್ಪ ಹೌದು. ಆದರೆ ದೊಡ್ಡ ಹೆದರಿಕೆ ಬೇರೆ. ಸತ್ತಿಲ್ಲವೆಂದು ಗೊತ್ತಾದರೆ ಹಡಗುಗಳು ಮತ್ತೆ ಹಳೆಯ ವೇಗಕ್ಕೆ ಹೋದರೆ? ಈ ವರ್ಷ ಅವಳ ಪಕ್ಕದಲ್ಲಿ ಮರಿಯೂ ಇದೆ.

ನಿನ್ನೆ ಹೆಂಡತಿಗೆ ಇದನ್ನೇ ಹೇಳಿದೆ. ಅವಳು ಕತ್ತರಿ ಒರೆಸುತ್ತಾ ಅಂದಳು, "ಸತ್ತಳು ಅಂತ ನಿಧಾನ ಮಾಡಿದೋರು, ಬದುಕಿದ್ದಾಳೆ ಅಂತ ಜೋರು ಮಾಡ್ತಾರಾ? ಬಾಯಿಬಿಟ್ಟು ಕೇಳಿ ನೋಡಿ."

ಆದ್ದರಿಂದ ಅಧಿಕಾರಿಗಳೇ, ಬಾಯಿಬಿಟ್ಟು ಕೇಳುತ್ತಿದ್ದೇನೆ. ತಪ್ಪು ನನ್ನದು, ಫಲಕ ನಿಮ್ಮದು, ವಾಪಸು ಇಟ್ಟುಕೊಳ್ಳಿ. ವೇಗ ಮಾತ್ರ ಈಗಿರುವಷ್ಟೇ ಇರಲಿ. ಆಗುತ್ತದೆಯೇ?

ಆಹಾ! ಅಧಿಕಾರಿಗಳು ತಲೆಯಾಡಿಸಿದರು. ಮೇಲೆ ಕೆಳಗೆ, ಅಡ್ಡಕ್ಕಲ್ಲ. ಸಭಿಕರೇ, ನೀವೆಲ್ಲ ಸಾಕ್ಷಿ. ಫೋಟೊ ತೆಗೆಯುವವರೇ, ಅದನ್ನು ಎಡಗಡೆಯಿಂದ ಒಂದು, ಬಲಗಡೆಯಿಂದ ಒಂದು ತೆಗೆದಿಡಿ. ದಮ್ಮಯ್ಯ, ತಿರುಗಿಸಿ ಮಾತ್ರ ಇಡಬೇಡಿ.

ಗುರುತು ತಪ್ಪಿದವನನ್ನು ಸಹಿಸಿದ ನಿಮಗೆ, ಗುರುತು ಹಿಡಿದ ಮೂರನೇ ಸಾಲಿಗೆ, ಕೃತಜ್ಞತೆಗಳು. ನಮಸ್ಕಾರ.