ದಂಡವಿಲ್ಲದ ಏಳು ವಾರ

ಸ್ವಾನ್ಸಿ ಆಸ್ಪತ್ರೆಯ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಇಬ್ಬರು ವಯಸ್ಸಾದ ಹೆಂಗಸರು ಕೂತಿದ್ದರು. ಗ್ಲೆನಿಸ್ ತನ್ನ ಗಂಡ ಎಮ್ರಿಸ್‌ನನ್ನು ನೋಡಿ ಬಂದಿದ್ದಳು, ಪಕ್ಕದ ಮನೆಯ ಮೆರಿಯಲ್ ಅವಳ ಜೊತೆಗಿದ್ದಳು.

"ನಾಳೆ ಎಮ್ರಿಸ್‌ನನ್ನ ಮನೆಗೆ ಕಳಿಸ್ತಾರಂತೆ. ಮನೆ ಬೆಚ್ಚಗಿರ್ಲಿ ಅಂದ್ರು ಡಾಕ್ಟ್ರು."

"ಒಳ್ಳೇದೇ ಆಯ್ತಲ್ಲ!"

"ಹೀಟರ್ ಉರಿಸೋ ಗ್ಯಾಸಿಗೆ ನಮ್ ಕಂಪನಿ ದರ ವಿಪರೀತ ಕಣೇ. ಒಪ್ಪಂದ ಮುಗಿಯೋ ಮುಂಚೆ ಬಿಟ್ರೆ ದಂಡ."

"ಒಪ್ಪಂದ ಯಾವಾಗ ಮುಗಿಯತ್ತೆ?"

"ಈ ತಿಂಗ್ಳ ಕೊನೆಗೆ."

"ಅಯ್ಯೋ ಪೆದ್ದಿ, ಒಪ್ಪಂದದ ಕೊನೇ ಏಳು ವಾರದಲ್ಲಿ ಬಿಟ್ರೆ ದಂಡಾನೇ ಇಲ್ಲ! ನಮ್ ಕಂಪನಿಗೆ ಬಾ. ದರ ನಿಂದಕ್ಕಿಂತ ಕಾಲು ಭಾಗ ಕಡಿಮೆ, ವರ್ಷ ಪೂರ್ತಿ ಏರಲ್ಲ."

"ನಿಜವಾಗ್ಲೂ?"

"ಮನೆಗೆ ಹೋಗ್ತಿದ್ದ ಹಾಗೇ ಫೋನ್ ಮಾಡೋಣ."

ಗ್ಲೆನಿಸ್ ಕಣ್ಣೊರೆಸಿಕೊಂಡು ನಕ್ಕಳು.

"ಹಂಗಾದ್ರೆ ಇವತ್ತೇ ಹೀಟರ್ ಹಚ್ತೀನಿ. ಹದಿನೈದು ದಿನದಿಂದ ಕೋಟು ಹಾಕ್ಕೊಂಡೇ ಮಲಗ್ತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ, ಮಾರಾಯ್ತಿ?"

ಬಸ್ ಬಂತು. ಮೆರಿಯಲ್ ಅವಳ ಕೈ ಬಿಡದೆ ಹತ್ತಿಸಿಕೊಂಡು ಹೋದಳು.